ಪುಕ್ಕಟೆ ಔಷಧದ ಉಪದ್ರ

ನನ್ನ ಕಾಯಿಲೆ ಗುಣಪಡಿಸಿದವರು ಒಂದು ಪೈಸೆಯೂ ತೆಗೆದುಕೊಳ್ಳಲಿಲ್ಲ. ಗುಣವಾಗುವುದು ತಡವಾದದ್ದೇ ಆ ಕಾರಣಕ್ಕೆ. ಬೆಲೆ ಹೇಳದ ವಸ್ತುವನ್ನು ನಾನು ನಂಬುವುದಾದರೂ ಹೇಗೆ? ತಲೆಯ ಮೇಲೆ ಬುಟ್ಟಿ ಹೊತ್ತು ಪಾತ್ರೆ ಮಾರಿ, ಕಾರವಾರದ ಪೇಟೆಯಲ್ಲಿ ಅಂಗಡಿ ಹಾಕಿದವನು ನಾನು. ನನ್ನ ಮದುವೆಯಲ್ಲಿ ಪಂಚವಾದ್ಯದವರ ಜೊತೆ ಎಷ್ಟು ಚೌಕಾಶಿ ಮಾಡಿದೆನೆಂದರೆ, ಅವರು ಡೋಲಿನವನನ್ನು ಮನೆಯಲ್ಲೇ ಬಿಟ್ಟು ಬಂದರು. ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಇರಲಿ, ಕಾಯಿಲೆಯ ವಿಷಯಕ್ಕೆ ಬರುತ್ತೇನೆ.

ನೌಕಾನೆಲೆಗೆ ಜಾಗ ಬಿಟ್ಟು ತೋಡೂರಿನ ಕಾಲನಿಗೆ ಬಂದ ಮೇಲೆ ಶುರುವಾದದ್ದು ಅದು. ಹಳೆಯ ಊರಲ್ಲಿ ನಮ್ಮ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಇಲ್ಲಿ ಪ್ರತಿ ಮನೆಗೂ ಕಂಪೌಂಡು, ಪ್ರತಿ ಕಂಪೌಂಡಿಗೂ ಗೇಟು. ಒಂದು ಬೆಳಿಗ್ಗೆ ಕಾರವಾರದ ಬಸ್ಸಿನಲ್ಲಿ ಎದೆ ಡವಡವ ಹೊಡೆದುಕೊಂಡು, ಅಂಗೈ ಬೆವೆತು, ಈಗಲೇ ಸತ್ತೆ ಅನ್ನಿಸಿ ನಡುದಾರಿಯಲ್ಲೇ ಇಳಿದುಬಿಟ್ಟೆ. ಮರುದಿನವೂ ಹಾಗೆಯೇ. ಆಮೇಲೆ ಬಸ್‌ಸ್ಟಾಪಿನವರೆಗೂ ಹೋಗಲಾರದಾದೆ. ಡಾಕ್ಟರು ಇಸಿಜಿ ತೆಗೆದು "ಹಾರ್ಟು ಗಟ್ಟಿಯಾಗಿದೆ" ಎಂದರೆ, "ಇನ್ನೊಮ್ಮೆ ನೋಡಿ, ಸ್ವಲ್ಪನಾದ್ರೂ ತೊಂದ್ರೆ ಇರ್ಬೇಕು" ಎಂದು ಅಲ್ಲಿಯೂ ಚೌಕಾಶಿಗೆ ಕೂತೆ. ದೀಪಾವಳಿಗೂ ಬಾಗಿಲು ತೆರೆಯದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಕೊಡುವುದಾಗಿ ಕಟ್ಟಡದ ಮಾಲೀಕರು ಹೇಳಿ ಕಳಿಸಿದರು. ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಓಡಾಡುತ್ತಿದ್ದೆ. ಕೂರಲೂ ಆಗದು, ಹೊರಗೆ ಬೀಳಲೂ ಆಗದು.

"ಹೋಯ್, ನಿಮ್ಮ ಗಸ್ತು ಸಾಕು. ಅಂಕೋಲೆಗೆ ಹೋಗ್ವ, ಏಳಿ," ಎಂದು ಹೆಂಡತಿ ಆಟೋ ತರಿಸಿ ತನ್ನ ತವರಿಗೆ ಎಳೆದುಕೊಂಡು ಹೋದಳು.

ಅಲ್ಲಿಯ ನರ್ಸಬಾಯಿ ನನ್ನಂಥವರಿಗಾಗಿ ವಾರಕ್ಕೊಂದು ಕೂಟ ನಡೆಸುತ್ತಿದ್ದರು. ಶಾಲೆಯ ಕೋಣೆಗೆ ಕರೆದಾಗ, ಹುಚ್ಚರೆಂಬ ಹೆಸರು ಬಂದೀತೆಂದು ಯಾರೂ ಕಾಲಿಟ್ಟಿರಲಿಲ್ಲ. ಅದಕ್ಕೆ ಅವರು ಕೂಟವನ್ನೇ ಕಡಲ ದಂಡೆಗೆ, ರಂಪಣಿ ಎಳೆಯುವ ಜಾಗಕ್ಕೆ ತಂದಿದ್ದರು. ರಂಪಣಿ ಎಂದರೆ ದಂಡೆಯಲ್ಲಿ ನಿಂತು ಹತ್ತಾರು ಜನ ಎರಡೂ ತುದಿಯಿಂದ ಎಳೆಯುವ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಚ್ಚಿದವನು ದಾರಿಹೋಕನೇ ಆಗಿರಲಿ, ಅವನಿಗೂ ಮೀನಿನಲ್ಲಿ ಪಾಲು. ಎಳೆದಾದ ಮೇಲೆ ದೋಣಿಯ ಚಪ್ಪರದಡಿ ಚಹಾ, ಮಾತು.

"ಫೀ ಎಷ್ಟು?" ಎಂದೆ.

"ಫೀ ಇಲ್ಲ. ಹಗ್ಗ ಹಿಡೀರಿ," ಎಂದರು ನರ್ಸಬಾಯಿ.

"ಎಷ್ಟು ವಾರ ಬರ್ಬೇಕು?"

"ಬೇಕಾದಷ್ಟು."

"ಎರಡು ವಾರಕ್ಕೆ ಮುಗ್ಸಿ ಕೊಡಿ."

"ಮೊದ್ಲು ಹಗ್ಗ ಹಿಡೀರಿ ಅಂದೆ!"

ಹಿಡಿದೆ. ಮುಂದೆ ಒಬ್ಬರ ಬೆನ್ನು, ಹಿಂದೆ ಇನ್ನೊಬ್ಬರ ಉಸಿರು. ಎದೆ ಹೊಡೆದುಕೊಳ್ಳುತ್ತಿತ್ತು ನಿಜ. ಆದರೆ ಆ ಭಾರಕ್ಕೆ ಅಲ್ಲಿ ಎಲ್ಲರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಬಲೆ ದಂಡೆಗೆ ಬಂತು. ತಾರ್ಲೆ ಮೀನು ಹಂಚುವಾಗ ನನ್ನ ಮುಂದೆಯೂ ಒಂದು ಗುಪ್ಪೆ ಬಿತ್ತು. ಸುಮ್ಮನೆ ತೆಗೆದುಕೊಂಡರೆ ಇವರ ಮುಲಾಜಿಗೆ ಬಿದ್ದಂತೆ ಎಂದುಕೊಂಡು ಕಿಸೆಯಿಂದ ನೋಟು ತೆಗೆದು ಚಾಚಿದೆ. ಬಲೆಯ ಯಜಮಾನ, ಮುದುಕ ತಾಂಡೇಲ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಎಂತ ತಮಾ, ನಮ್ಮ ಹಗ್ಗ ಎಳ್ದು ನಮ್ಗೇ ದುಡ್ಡು ಕೊಡ್ತ್ಯಾ?"

"ಪುಕ್ಕಟೆ ನಂಗೆ ಬೇಡ."

"ಪುಕ್ಕಟೆ ಅಲ್ದೋ! ಕೈ ಹಚ್ಚಿದ್ಯಲ್ಲ."

"ನಾ ಸಮಾ ಎಳೀಲಿಲ್ಲ. ಅರ್ಧ ಪಾಲು ಕೊಡಿ."

"ಪಾಲಲ್ಲಿ ಅರ್ಧ ಅಂಬೂದೇ ಇಲ್ಲ!"

"ಹಂಗಾರೆ ಮುಕ್ಕಾಲು!"

"ಕಡಿಮೆ ಕೊಡಿ ಹೇಳಿ ಜಗಳ ಮಾಡೂ ಗಿರಾಕಿ ಇಂವ ಒಬ್ನೇ!" ಎಂದಳು ನನ್ನ ಹಿಂದೆ ಹಗ್ಗ ಹಿಡಿದಿದ್ದ ಸುಕ್ರಿಬಾಯಿ. ದಂಡೆಗೆ ದಂಡೆಯೇ ನಕ್ಕಿತು. ನನಗೂ ನಗು ಬಂತು. ಆಗ ಗಮನಿಸಿದೆ: ಅಷ್ಟೊಂದು ಜನರ ನಡುವೆ ನಿಂತಿದ್ದೇನೆ, ಓಡಿಹೋಗಲು ದಾರಿ ಹುಡುಕುತ್ತಿಲ್ಲ.

ಚಪ್ಪರದಡಿ ಬಸ್ಸಿನ ಸಂಗತಿ ಬಾಯಿಬಿಟ್ಟೆ. ಒಬ್ಬರೂ ಬುದ್ಧಿ ಹೇಳಲಿಲ್ಲ. ನನಗೆ ಅದೇ ಆಶ್ಚರ್ಯ, ನಾನಾಗಿದ್ದರೆ ಬಿಡುತ್ತಿರಲಿಲ್ಲ. ಸುಕ್ರಿಬಾಯಿ ಮಾತ್ರ, "ನಂಗೆ ಬಾವಿಕಟ್ಟೆಗೆ ಹೋಗೂಕೂ ಆಗ್ತಿರ್ಲಿಲ್ಲ ಅಣ್ಣಾ," ಎಂದು ಚಹಾ ಊದಿ ಕುಡಿದಳು. ಹೀಗೆ ಕೆಲವು ವಾರ ಎಳೆದ ಮೇಲೆ, ಅವಳೂ ತಾಂಡೇಲನೂ ನನ್ನನ್ನು ಕಾರವಾರದ ಬಸ್ಸು ಹತ್ತಿಸಿ ನಡುವೆ ಕೂರಿಸಿಕೊಂಡರು. ಮೂವರ ಟಿಕೆಟ್ಟನ್ನೂ ನಾನೇ ತೆಗೆದಿದ್ದೆ. ಅರ್ಧ ದಾರಿಗೆ ಅಂಗೈ ಬೆವೆಯಿತು, ಎದ್ದು ನಿಂತೆ.

"ಇಳೂದಾದ್ರೆ ಇಳಿ ತಮಾ," ಎಂದ ತಾಂಡೇಲ ಕೂತಲ್ಲಿಂದಲೇ. "ನಾವೂ ಇಳೂದೇ. ಮುಂದಿನ ಬಸ್ಸಿಗೆ ಮತ್ತೆ ಟಿಕೆಟ್ ತೆಗ್ಸು."

ಮೂರು ಟಿಕೆಟ್ಟು ದಂಡ! ಕೂತುಬಿಟ್ಟೆ. ದೀಪಾವಳಿಗೆ ಮೊದಲೇ ಅಂಗಡಿ ತೆರೆಯಿತು.

ನಿಮಗೂ ಎದೆ ಹೀಗೆ ಹೊಡೆದುಕೊಂಡರೆ ಮೊದಲು ಡಾಕ್ಟರಿಗೆ ತೋರಿಸಿ, ಅವರು ಸರಿಯಿದೆ ಎಂದರೆ ನಂಬಿ. ಆಮೇಲೆ ಒಬ್ಬರಿಗಾದರೂ ಹೇಳಿ. ಬಸ್ಸು ಹತ್ತುವಾಗ ಜೊತೆಗೆ ಜನ ಕರೆದುಕೊಳ್ಳಿ, ಅವರ ಟಿಕೆಟ್ಟು ನೀವೇ ತೆಗೆಯಿರಿ. ಇಳಿಯಲು ಮನಸ್ಸು ಬರುವುದಿಲ್ಲ. ನಿಮ್ಮ ಬೀದಿಯಲ್ಲಿ ಯಾರಾದರೂ ಒಳಗೇ ಕೂತುಬಿಟ್ಟಿದ್ದರೆ ಸಮಾಧಾನ ಹೇಳಲು ಹೋಗಬೇಡಿ, ಏಣಿ ಹಿಡಿಯುವಂಥ ಒಂದು ಸಣ್ಣ ಕೆಲಸಕ್ಕೆ ಕರೆಯಿರಿ. ಉಪದೇಶವಂತೂ ಬೇಡವೇ ಬೇಡ. ಕೂಟದಲ್ಲಿ ನಾನು ಅದಕ್ಕೆ ಬಾಯಿ ತೆರೆದ ಕೂಡಲೇ ನರ್ಸಬಾಯಿ ಚಹಾದ ಲೋಟ ತೊಳೆಯಲು ಕಳಿಸುತ್ತಾರೆ. ನಿಮ್ಮನ್ನೂ ಕಳಿಸಿದರೆ ಬೇಸರ ಮಾಡಿಕೊಳ್ಳದೆ ಎದ್ದು ಬನ್ನಿ. ನಲ್ಲಿಯ ಹತ್ತಿರ ನಾನು ಇದ್ದೇ ಇರುತ್ತೇನೆ.