ಹಳೆಯ ಭಾವನವರನ್ನು ತಿದ್ದದಿರುವ ಕುರಿತು

ಪ್ರವಾಸೋದ್ಯಮ ಮಾಹಿತಿ ಕಚೇರಿಯ ಘನ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುವ ಮನೆಯ ದರ್ಜಿಯು ಕತ್ತರಿಯನ್ನು ಕೆಳಗಿಟ್ಟು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಜೋಪಾನವಾಗಿ ಡಬ್ಬಿಗೆ ಹಾಕಿ, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ನಮ್ಮ ಹಿಂದಿನ ಜಗಲಿಗೂ ತಮ್ಮ ಕಿಟಕಿಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ ಮಾತ್ರವಾದ್ದರಿಂದ ತಾವು ಸೀನಿದರೂ ನಮಗೆ ತಿಳಿಯುತ್ತದೆ. ನೆಗಡಿ ಈ ವಾರ ಇಳಿದಂತಿದೆ, ಬಹಳ ಸಂತೋಷ.

ಮೊದಲಿಗೆ ತಮ್ಮ ನಾಮಫಲಕದ ಬಗ್ಗೆ ಒಂದು ಮಾತು. ಅದನ್ನು ಬರೆದ ಪುಣ್ಯಾತ್ಮ ‘ಪ್ರವಾಸೋದ್ಯಮ’ ಎಂಬಲ್ಲಿ ‘ಪ್ರಯಾಸೋದ್ಯಮ’ ಎಂದು ಬರೆದು ಹೋದಾಗ ನಮ್ಮ ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನಿಜ. ಈಗ ಯಾರೂ ನಗುವುದಿಲ್ಲ, ಏಕೆಂದರೆ ತಮ್ಮ ಪ್ರಯಾಸವನ್ನು ಕಣ್ಣಾರೆ ಕಂಡಿದ್ದೇವೆ. ಬೆಟ್ಟವಿಲ್ಲ, ಸಮುದ್ರವಿಲ್ಲ, ಕೊನೆಗೆ ಬಿದ್ದುಹೋದ ಒಂದು ಕೋಟೆಯ ಗೋಡೆಯೂ ಇಲ್ಲದ ಈ ಊರಿಗೆ ಜನರನ್ನು ಕರೆತನ್ನಿ ಎಂದು ಮೇಲಿನವರು ಆಜ್ಞೆ ಮಾಡಿ, ಅದಕ್ಕೆ ಬೇಕಾದ ಸಲಕರಣೆಯೆಂದು ತಮಗೆ ಒಂದು ಮೇಜು, ಶಬ್ದ ಮಾತ್ರ ಮಾಡುವ ಒಂದು ಫ್ಯಾನು, ಗೋಡೆಗೆ ಹಚ್ಚಲು ಬೇರೆ ಯಾವುದೋ ಊರಿನ ಜಲಪಾತದ ಚಿತ್ರ, ಇಷ್ಟನ್ನು ದಯಪಾಲಿಸಿದರು. ಬಂದವರೆಲ್ಲ ಆ ಜಲಪಾತ ಎಲ್ಲಿದೆ ಎಂದೇ ಕೇಳುವುದು, ತಾವು ಅಷ್ಟೇ ತಾಳ್ಮೆಯಿಂದ ಅವರಿಗೆ ಬಸ್ ನಿಲ್ದಾಣದ ದಾರಿ ತೋರಿಸಿ ಬೇರೆ ಊರಿಗೆ ಕಳಿಸಿಕೊಡುವುದು, ಇದನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡು ನಾನು ಎಷ್ಟೋ ಸಲ ಮರುಗಿದ್ದೇನೆ. ಇದರ ಮೇಲೆ ಬೀದಿನಾಯಿಗಳನ್ನು ಎಣಿಸಲಿಕ್ಕೆ ತಾವೇ ಬೇಕು, ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಲಿಕ್ಕೆ ತಾವೇ ಬೇಕು, ಯಾರೋ ಮಂತ್ರಿಗಳು ಬಂದರೆ ಕುರ್ಚಿ ಜೋಡಿಸಲಿಕ್ಕೂ ತಾವೇ ಬೇಕು. ಊರಿಗೆ ಬಂದವರಿಗೆ ನೋಡಲು ಸಿಗುವ ಮೊದಲ ದೃಶ್ಯ ತಮ್ಮ ಬಾಗಿಲಿನ ಬೀಗವಾದರೆ ಅದು ತಮ್ಮ ತಪ್ಪು ಹೇಗಾದೀತು ಹೇಳಿ.

ಈಗ ದೂರಿನ ವಿಷಯ. ಊರಿನಲ್ಲಿ ನೋಡಬೇಕಾದ ಸ್ಥಳಗಳು ಎಂದು ತಾವು ಕಷ್ಟಪಟ್ಟು ಒಂದು ಕರಪತ್ರ ಹೊರಡಿಸಿದಿರಿ. ಹಳೆಯ ಕಾಲದ ಯಾವುದೋ ಕರಪತ್ರದಿಂದ ನಕಲು ಮಾಡಿದ್ದಿರಬೇಕು, ಅದರಲ್ಲಿ ಗಡಿಯಾರ ಗೋಪುರ, ಉದ್ಯಾನವನ ಆದ ಮೇಲೆ ನಮ್ಮ ಓಣಿಯ ಹಳೆಯ ಬಾವಿಯ ಬಗ್ಗೆಯೂ ನಾಲ್ಕು ಮಾತಿತ್ತು. ಆದರೆ ಅಚ್ಚಾಗುವ ಹೊತ್ತಿಗೆ ತಮ್ಮ ಕಡೆಯವರು ‘ಬ’ಕಾರದ ಹೊಟ್ಟೆ ಸೀಳಿ ಅದನ್ನು ಮಹಾಪ್ರಾಣ ಮಾಡಿದರು, ‘ವಿ’ಯ ತಲೆಯ ಮೇಲಿನ ಗುಡಿಸನ್ನು ಗಾಳಿಗೆ ಹಾರಿಸಿದರು, ಹೀಗೆ ಒಂದು ಸೀಳಿ ಒಂದು ಕಿತ್ತು ‘ಬಾವಿ’ಯನ್ನು ‘ಭಾವ’ ಮಾಡಿಬಿಟ್ಟರು. ಪರಿಣಾಮವಾಗಿ ಊರೆಲ್ಲ ಹಂಚಿಕೆಯಾದ ಕರಪತ್ರದಲ್ಲಿ ಹೀಗಿತ್ತು: ‘ಊರಿನ ಅತ್ಯಂತ ಹಳೆಯ ಭಾವ. ದರ್ಜಿ ಅಂಗಡಿಯ ಹಿಂಭಾಗದಲ್ಲಿದೆ. ಆಳ ಎಷ್ಟೆಂದು ಇಂದಿಗೂ ಯಾರಿಗೂ ತಿಳಿದಿಲ್ಲ. ಕಡು ಬೇಸಿಗೆಯಲ್ಲೂ ಬತ್ತುವುದಿಲ್ಲ. ಬಗ್ಗಿ ಕೂಗಿದರೆ ಪ್ರತಿಧ್ವನಿ ಕೇಳಬಹುದು. ಪ್ರವೇಶ ಉಚಿತ.’

ಮಾನ್ಯರೇ, ದರ್ಜಿ ಅಂಗಡಿ ನನ್ನದು. ಅದರ ಹಿಂಭಾಗದ ಜಗಲಿಯಲ್ಲಿ, ಬೆತ್ತದ ಕುರ್ಚಿಯ ಮೇಲೆ, ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನವರು, ನಿಜವಾಗಿಯೂ ಇದ್ದರು. ನಾನು ಭಾವ ಎನ್ನುವುದನ್ನು ಕೇಳಿ ಕೇಳಿ ಹಾಲಿನವನಿಂದ ಹಿಡಿದು ಇಸ್ತ್ರಿಯವಳವರೆಗೆ ಓಣಿಗೆ ಓಣಿಯೇ ಅವರನ್ನು ಭಾವ ಎನ್ನುತ್ತದೆ. ಹೀಗಿರುವಾಗ ಕರಪತ್ರ ಹಿಡಿದವರು ಬಂದು ಹಳೆಯ ಭಾವ ಎಲ್ಲಿ ಎಂದು ಕೇಳಿದರೆ, ಹೋಗಿ ಸ್ವಾಮಿ, ಒಳಗೇ ಕೂತಿದಾರೆ ಎನ್ನದೆ ಓಣಿಯವರು ಇನ್ನೇನು ಹೇಳಿಯಾರು?

ಭಾವನವರು ಯಾರೆಂದು ತಮಗೆ ತಿಳಿಸಬೇಕು. ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ತಮ್ಮದೇ ಮದುವೆಯ ಆಹ್ವಾನಪತ್ರಿಕೆಯಲ್ಲಿ ತಪ್ಪು ಹುಡುಕಿ, ಅಷ್ಟೂ ಪ್ರತಿಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಹಂಚಿದ ಮಹಾನುಭಾವರು. ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆಯಂತೆ: ಹೊಡೆದುಹಾಕಿದ ಪದ ಇರಲಿ ಎಂದು ಆಮೇಲೆ ಅನ್ನಿಸಿದರೆ ಅದರ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಇದ್ದಂತೆ ಇರಲಿ’ ಎಂದು ಬರೆಯಬೇಕು. ಭಾವನವರು ಆ ಮಾತು ಬರೆದದ್ದನ್ನು ಮುದ್ರಣಾಲಯದಲ್ಲಿ ಒಬ್ಬರೂ ನೋಡಿಲ್ಲ. ಹೊಡೆದರೆ ಹೊಡೆದ ಹಾಗೆಯೇ. ಅಕ್ಕ ಇದನ್ನೇ ಆಡಿಕೊಂಡು ನಗುತ್ತಿದ್ದಳು, ಇವರ ಹತ್ತಿರ ಬದುಕೋದು ಅಂದ್ರೆ ದಿನಾ ಪರೀಕ್ಷೆ ಬರೆದ ಹಾಗೆ ಕಣೋ ಅನ್ನುತ್ತಿದ್ದಳು. ಅಕ್ಕ ತೀರಿಕೊಂಡ ಮೇಲೆ ನಾನೇ ಹೋಗಿ ಅವರನ್ನು ಕರೆದುಕೊಂಡು ಬಂದೆ. ಬಂದವರು ಆ ಕುರ್ಚಿಯಲ್ಲಿ ಕುಳಿತರು, ಅಷ್ಟೇ. ಊಟಕ್ಕೆ ಕರೆದರೆ ಹೂಂ, ಸಾಕೇ ಎಂದರೆ ಹೂಂ, ಇನ್ನೂ ಬೇಕೇ ಎಂದರೆ ಉಹೂಂ. ವರ್ಷಗಟ್ಟಲೆ ಅವರಿಂದ ನಾವು ಕೇಳಿದ ಮಾತು ಇಷ್ಟೇ. ನಮ್ಮಾಕೆ ಅವರಿಗೆ ಕೇಳಿಸಲೆಂದೇ ದಿನಪತ್ರಿಕೆಯನ್ನು ತಪ್ಪು ತಪ್ಪಾಗಿ ಗಟ್ಟಿಯಾಗಿ ಓದಿ ನೋಡಿದಳು. ಅವರು ತಿದ್ದಲೂ ಇಲ್ಲ. ಆವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೀಗಿದ್ದಾಗ ತಮ್ಮ ಕರಪತ್ರ ಹಿಡಿದು ಮೊಟ್ಟಮೊದಲು ಬಂದವರು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ದಪ್ಪ ಮಹನೀಯರು. ಕರಪತ್ರವನ್ನು ಓದಿದರು, ಭಾವನವರನ್ನು ನೋಡಿದರು, ಮತ್ತೆ ಓದಿದರು. ಸರ್ಕಾರ ಹೇಳಿದ ಮೇಲೆ ಅದರಲ್ಲೇನೋ ಅರ್ಥವಿರಬೇಕು ಎಂಬ ಗಂಭೀರ ಮುಖದಿಂದ ಮೆಲ್ಲನೆ ಭಾವನವರ ಕಿವಿಯ ಬಳಿ ಬಗ್ಗಿ, ‘ಓಹೋಯ್’ ಎಂದು ಕೂಗಿದರು. ನಾನು ಅಳತೆಯ ಟೇಪು ಹಿಡಿದವನು ಹಿಡಿದ ಹಾಗೇ ನಿಂತೆ. ಭಾವನವರು ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಟಲು ಸರಿಮಾಡಿಕೊಂಡು, ಅಷ್ಟೇ ಗಂಭೀರವಾಗಿ ‘ಓಹೋಯ್’ ಎಂದರು. ಒಳಗೆ ನಮ್ಮಾಕೆಯ ಕೈಯಿಂದ ಪಾತ್ರೆ ಬಿತ್ತು.

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿದಿಲ್ಲ ಎಂಬುದೇ ನನ್ನ ಮುಖ್ಯ ದೂರು. ಹೊಲಿಯಲು ಬಟ್ಟೆ ತಂದವರಿಗೆ ನಿಲ್ಲಲು ಜಾಗವಿಲ್ಲ. ಭಾವನವರು ದಿನಾ ಗಡ್ಡ ಹೆರೆದುಕೊಂಡು, ನನ್ನಿಂದಲೇ ಬಿಟ್ಟಿಯಾಗಿ ಹೊಲಿಸಿಕೊಂಡ ಬಿಳಿ ಅಂಗಿ ತೊಟ್ಟು, ತಮ್ಮ ಕಚೇರಿ ತೆರೆಯುವುದಕ್ಕಿಂತ ಬಹಳ ಮೊದಲೇ ತೆರೆದಿರುತ್ತಿದ್ದರು. ತಮ್ಮದೇ ಆಳದ ವಿಚಾರವಾಗಿ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಇದೇ ಜಾಗದಲ್ಲಿ ರಾಜನೊಬ್ಬ ನೀರು ಕುಡಿದ ಎಂದು ಬೆಳಿಗ್ಗೆ ಹೇಳಿದರೆ, ಕುಡಿಯದೆ ಸಿಟ್ಟಾಗಿ ಹೋದ ಎಂದು ಸಂಜೆ ಹೇಳುತ್ತಿದ್ದರು. ಅಪ್ಪಟ ಸುಳ್ಳು, ಆದರೆ ವ್ಯಾಕರಣದಲ್ಲಿ ಒಂದು ತಪ್ಪೂ ಹಿಡಿಯಲಾರಿರಿ. ಉದ್ದ ಜುಬ್ಬಾದ ಒಬ್ಬರು, ತಾವು ಹುಡುಕಿಕೊಂಡು ಬಂದದ್ದು ಮನಸ್ಸಿನ ಭಾವವನ್ನು, ಮನುಷ್ಯನನ್ನಲ್ಲ ಎಂದು ತಕರಾರು ತೆಗೆದರು. ಅವರನ್ನು ಕೂರಿಸಿಕೊಂಡು ಭಾವನವರು ಅಕ್ಕನ ಕಥೆ ಹೇಳಿದರು. ಆ ಮನುಷ್ಯ ಕಣ್ಣೊರೆಸಿಕೊಂಡು, ಸಿಕ್ಕಿತು ಸ್ವಾಮಿ ಎಂದು ಹೇಳಿ ಹೋದರು. ನಮ್ಮ ಹತ್ತಿರ ಅಕ್ಕನ ಹೆಸರನ್ನೇ ಎತ್ತದಿದ್ದವರು, ನೋಡಿ, ಅಪರಿಚಿತರ ಮುಂದೆ ಎಷ್ಟು ಚೆನ್ನಾಗಿ ಹೇಳಿಕೊಂಡರು. ಬಾಗಿಲ ಹಿಂದೆ ನಿಂತು ನಾವೂ ಕೇಳಿದೆವು.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳನ್ನು ಇಡೋಣವೆಂದು ಕುಳಿತಿದ್ದೆ. ಭಾವನವರನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿ, ಅವರ ಸುತ್ತಮುತ್ತ ಯಾರೂ ಮಂಚ ಬೀರು ಸರಿಸಬಾರದೆಂದು ನಮ್ಮಾಕೆಗೆ ಒಂದು ನೋಟಿಸು ಕೊಡಬೇಕು. ಊಟದ ಮೇಲೆ ಸ್ಮಾರಕವು ಸ್ವಲ್ಪ ಹೊತ್ತು ಮುಚ್ಚಿರುತ್ತದೆ, ಆಗ ಕೇಳಿಸುವುದು ಪ್ರತಿಧ್ವನಿಯಲ್ಲ, ಗೊರಕೆ, ಎಂದು ಫಲಕ ಹಾಕಿಸಬೇಕು. ನನ್ನ ಎರಡನೆಯ ಅಕ್ಕನ ಗಂಡ ಬಂದು ಇದನ್ನೆಲ್ಲ ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದಾರೆ, ಅವರನ್ನೂ ಹೊಸ ಭಾವ ಎಂದು ಹಿಂಬದಿಯ ಪುಟದಲ್ಲಾದರೂ ಸೇರಿಸಿಕೊಳ್ಳಬೇಕು.

ಅಷ್ಟರಲ್ಲಿ ತಾವು ಒಂದು ಅನಾಹುತ ಮಾಡಿದಿರಿ. ಅಂದರೆ, ಕೆಲಸ ಮಾಡಿದಿರಿ. ಮೇಲಿನ ಕಚೇರಿಯಿಂದ ಯಾರೋ ಬಂದು ಕರಪತ್ರದ ತಪ್ಪು ತೋರಿಸಿದರಂತೆ, ತಿದ್ದಿದ ಆವೃತ್ತಿಯನ್ನು ಕೂಡಲೇ ಅಚ್ಚು ಹಾಕಿಸಲು ತಾವು ಹೊರಟಿರಂತೆ. ಫ್ಯಾನು ರಿಪೇರಿಯಾಗದ ಕಚೇರಿಯಲ್ಲಿ ಈ ಒಂದು ಕೆಲಸಕ್ಕೆ ಎಲ್ಲಿಂದ ಬಂತು ಸ್ವಾಮಿ ಇಷ್ಟೊಂದು ಚುರುಕು? ಹೋಗಲಿ, ಅದರ ಕರಡು ಹೋಗಿ ಹೋಗಿ ಯಾರ ಕೈಗೆ ಬರಬೇಕು? ಮುದ್ರಣಾಲಯದವರಿಗೆ ಈಗಲೂ ನಂಬಿಕೆಯಿರುವುದು ಭಾವನವರ ಕಣ್ಣೊಂದರ ಮೇಲೆ. ನೋಡಿದರೆ, ತಿದ್ದಿದ ಆವೃತ್ತಿಯ ಕರಡಿನಲ್ಲೂ ತಮ್ಮವರು ಮತ್ತೆ ‘ಭಾವ’ ಎಂದೇ ಬಿಟ್ಟಿದ್ದರು! ನನಗೆ ಕುಣಿಯುವಷ್ಟು ಖುಷಿಯಾಯಿತು.

ಭಾವನವರು ಕರಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಆವತ್ತು ಬಂದವರಿಗೆ ರಾಜನ ಕಥೆ ಹೇಳಲಿಲ್ಲ. ಆಮೇಲೆ ಕೆಂಪು ಪೆನ್ನು ತೆಗೆದು ‘ಭಾವ’ವನ್ನು ಹೊಡೆದು, ಪಕ್ಕದಲ್ಲಿ ದುಂಡಗೆ ‘ಬಾವಿ’ ಎಂದು ಬರೆದು, ನನ್ನ ಕೈಗೇ ಕೊಟ್ಟು ಮುದ್ರಣಾಲಯಕ್ಕೆ ಕಳಿಸಿದರು. ಬೇಡ ಭಾವ ಎಂದು ನಾನು ಗೋಗರೆದೆ. ಕಣ್ಣಿಗೆ ಬಿದ್ದ ತಪ್ಪನ್ನ ಬಿಡೋದು ಹ್ಯಾಗಪ್ಪಾ, ಮೊದಲನೇ ದಿನದಿಂದಲೂ ಕಣ್ಣಿಗೆ ಬಿದ್ದೇ ಇತ್ತು, ಸುಮ್ಮನಿದ್ದೆ, ಅದೇ ಜಾಸ್ತಿಯಾಯ್ತು ಎಂದರು. ಅಂದಿನಿಂದ ಮತ್ತೆ ಹೂಂ, ಉಹೂಂ. ಬಿಳಿ ಅಂಗಿ ಗೂಟದಲ್ಲಿ ನೇತಾಡುತ್ತಿದೆ. ನನಗೆ ಕೆಲಸದ ಮೇಲೆ ಮನಸ್ಸಿಲ್ಲ, ನಿನ್ನೆ ಒಬ್ಬರ ಅಂಗಿಗೆ ಎರಡೂ ತೋಳು ಎಡಗಡೆಯದೇ ಹೊಲಿದಿದ್ದೇನೆ.

ಮಾನ್ಯರೇ, ಸ್ವಲ್ಪ ಯೋಚಿಸಿ. ತಾವು ‘ಬಾವಿ’ ಎಂದು ಸರಿಯಾಗಿ ಅಚ್ಚು ಹಾಕಿದರೆ ಜನ ಬಾವಿ ನೋಡಲು ಬರುತ್ತಾರೆ. ಬಾವಿ ಎಲ್ಲಿದೆ? ಅದನ್ನು ನಗರಸಭೆಯವರು ಎಂದೋ ಮಣ್ಣು ತುಂಬಿ ಮುಚ್ಚಿ, ಆ ಜಾಗದಲ್ಲೇ ತಮ್ಮ ಕಚೇರಿಯನ್ನು ಕಟ್ಟಿದ್ದಾರೆ. ಅದು ಸರಿಯಾಗಿ ತಮ್ಮ ಮೇಜಿನ ಕೆಳಗಿದೆ. ಇನ್ನು ಮುಂದೆ ಬಂದವರನ್ನೆಲ್ಲ ಕೈಗೊಂದು ಹಗ್ಗ, ಒಂದು ಬಿಂದಿಗೆ ಕೊಟ್ಟು ನಾನು ತಮ್ಮಲ್ಲಿಗೇ ಕಳಿಸಬೇಕಾಗುತ್ತದೆ, ಅವರು ತಮ್ಮ ಕಿವಿಯ ಬಳಿ ಬಗ್ಗಿ ಓಹೋಯ್ ಎಂದರೆ ತಾವು ಬೇಸರಿಸದೆ ಉತ್ತರ ಕೊಡಬೇಕಾಗುತ್ತದೆ. ಇಲ್ಲದ ಬಾವಿಯನ್ನು ತೋರಿಸುವ ಸರಿಯಾದ ಪದಕ್ಕಿಂತ, ಇರುವ ಭಾವನವರನ್ನು ತೋರಿಸುವ ತಪ್ಪು ಪದವೇ ಮೇಲಲ್ಲವೇ? ಅವರನ್ನು ಕೇಳಬೇಡಿ, ಅವರು ಒಪ್ಪುವುದಿಲ್ಲ. ಮುದ್ರಣಾಲಯಕ್ಕೆ ತಾವೇ ಒಂದು ಮಾತು ಹೇಳಿಬಿಡಿ. ಸೀಳಿದ ಹೊಟ್ಟೆಯನ್ನು ಹೊಲಿಯಬೇಡಿ ಎಂದು ಒಬ್ಬ ದರ್ಜಿ ಕೇಳಿಕೊಳ್ಳುತ್ತಿದ್ದಾನೆಂದರೆ ಅವನ ಕಷ್ಟ ತಮಗೆ ಅರ್ಥವಾಗಬೇಕು. ಆ ಮಹಾಪ್ರಾಣವನ್ನು ತೆಗೆಯಬೇಡಿ. ಕರಪತ್ರದಲ್ಲಿ ‘ಹಳೆಯ ಭಾವ’ ಎಂದೇ ಅಚ್ಚಾಗಲಿ.

ಇಂತು, ಗೋಡೆಯ ಈಚೆಗಿನ
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಭಾವನವರ ಕಣ್ಣು ತಪ್ಪಿಸಿ ಈ ಪತ್ರ ಬರೆಯಲು ಹೋಗಿ ಸಿಕ್ಕಿಬಿದ್ದೆ. ಇಡೀ ಪತ್ರ ಓದಿ, ಕೆಂಪು ಪೆನ್ನು ತೆಗೆದು ತಿದ್ದಲು ಕುಳಿತರು. ತಮ್ಮ ಫಲಕದ ‘ಪ್ರಯಾಸೋದ್ಯಮ’ವನ್ನು ಮಾತ್ರ ಮುಟ್ಟಲಿಲ್ಲ, ಅದರಲ್ಲಿ ತಪ್ಪೇನಿದೆ ಎಂದು ನನ್ನನ್ನೇ ಕೇಳಿದರು. ತಮಗೆ ಕಳಿಸಿರುವ ಪ್ರತಿಯ ಕೊನೆಯ ಸಾಲಿನಲ್ಲಿ ‘ಭಾವ’ ಎಂಬುದನ್ನು ಕೆಂಪು ಗೆರೆ ಎಳೆದು ಹೊಡೆದಿರುವುದನ್ನು ತಾವು ಕಾಣುವಿರಿ. ಆ ಪದದ ಕೆಳಗಿರುವ ಸಣ್ಣ ಸಣ್ಣ ಚುಕ್ಕಿಗಳು ಮಸಿ ಸಿಡಿದದ್ದಲ್ಲ, ದಯವಿಟ್ಟು ಒರೆಸಬೇಡಿ. ಪೆನ್ನಿನ ಮುಚ್ಚಳ ಹಾಕಿದ ಮೇಲೆ ಮತ್ತೆ ತೆಗೆದು ಅವರೇ ಇಟ್ಟದ್ದು. ಅಂಚಿನಲ್ಲಿ ಬರೆದಿರುವುದೂ ಅವರದೇ ಕೈಬರಹ: ‘ಇದ್ದಂತೆ ಇರಲಿ.’