ಗೋಡೆ ಪಕ್ಕದ ಪಟ್ಟಿ

ಬದುಕಿನ ಬಹುಭಾಗವನ್ನು ಹಿಂದಕ್ಕೆ ಮುಂದಕ್ಕೆ ಹೋಗುವುದರಲ್ಲೇ ಕಳೆದವನು ನಾನು. ಇದರಲ್ಲಿ ವೇದಾಂತವೇನೂ ಇಲ್ಲ, ರೋಡ್ ರೋಲರ್ ಓಡಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹತ್ತಿದ್ದು, ಇಳಿದದ್ದು ನಿವೃತ್ತಿಯಾದಾಗಲೇ. ದೇವದುರ್ಗದ ದಾರಿಯಲ್ಲಿ ನಮ್ಮನ್ನು ದಾಟಿ ಹೋದ ಬಸ್ಸು ರಾಯಚೂರು ಸೇರಿ, ಡ್ರೈವರ್ ಚಹಾ ಕುಡಿದು, ವಾಪಸ್ಸು ಬರುವಾಗಲೂ ನಾನು ಅದೇ ಬೇವಿನ ಮರದ ಹತ್ತಿರ ಇರುತ್ತಿದ್ದೆ. ಆದರೆ ನನ್ನ ಸಾಲು ಸೊಟ್ಟಗಿದೆ ಎಂದು ಯಾರೂ ಅಂದವರಿಲ್ಲ. ಆ ಹೆಮ್ಮೆಯೇ ನನ್ನನ್ನು ಈ ವಯಸ್ಸಿನಲ್ಲಿ ಹುಲ್ಲಿಗೆ ಇಳಿಸಿತು.

ರಾಯಚೂರಿನ ಬಿಸಿಲಿನಲ್ಲಿ ಮನೆ ಮುಂದೆ ಹುಲ್ಲು ಬೆಳೆಸುವುದೆಂದರೆ ಎಮ್ಮೆ ಇಲ್ಲದವನು ಮೇವು ಬೆಳೆದ ಹಾಗೆ. ಅಷ್ಟು ಜಾಗದಲ್ಲಿ ಮೆಂತ್ಯೆ ಹಾಕಿದ್ದರೆ ಪಲ್ಯಕ್ಕಾದರೂ ಆಗುತ್ತಿತ್ತು ಎಂದು ನನ್ನ ಹೆಂಡತಿ ದ್ಯಾವಮ್ಮ ಮೊದಲೇ ಹೇಳಿದ್ದಳು. ನಾನು ಟೀವಿಯ ಕ್ರಿಕೆಟ್ ಮೈದಾನ ನೋಡಿ ಮರುಳಾಗಿದ್ದೆ. ಒಂದು ಪಟ್ಟಿ ತಿಳಿ ಹಸಿರು, ಪಕ್ಕದ್ದು ಕಡು ಹಸಿರು, ಎಲ್ಲವೂ ಒಂದೇ ಅಗಲ. ಗುಜರಿಯಲ್ಲಿ ಕೈಯಿಂದ ತಳ್ಳಿ ಹುಲ್ಲು ಕತ್ತರಿಸುವ ಹಳೆಯ ಯಂತ್ರವೊಂದು ಸಿಕ್ಕಿತು. ಅದರ ಹಿಂದೆ ಪುಟ್ಟ ರೋಲರ್ ಕಂಡಾಗ ಕಳೆದುಹೋದ ಅಣ್ಣತಮ್ಮಂದಿರು ಕೂಡಿದ ಹಾಗಾಯಿತು.

ಹಗ್ಗ ಕಟ್ಟಿ, ಗೇಟಿನಿಂದ ಮನೆಯ ಕಟ್ಟೆಯವರೆಗೆ ಒಂದು ಸಾಲು, ಕಟ್ಟೆಯಿಂದ ಗೇಟಿಗೆ ಇನ್ನೊಂದು ಸಾಲು ತಳ್ಳಿದೆ. ಮುಗಿಸಿ ಗೇಟಿನ ಬಳಿ ನಿಂತು ನೋಡಿದರೆ ಪಟ್ಟಿಗಳು ಅಚ್ಚೊತ್ತಿದಂತಿದ್ದವು. ಕಾಂಪೌಂಡ್ ಗೋಡೆ ಪಕ್ಕದ ಮೊದಲ ಪಟ್ಟಿ ತಿಳಿ, ಅದರ ಪಕ್ಕದ್ದು ಕಪ್ಪು. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ದ್ಯಾವಮ್ಮನಿಂದ ಹೊಗಳಿಸಿಕೊಳ್ಳಲೆಂದೇ ಅವಳನ್ನು ಕೂಗಿದೆ. ಅವಳು ಸೂಜಿ ನಿಲ್ಲಿಸಿ ನೋಡಿ, “ಚಂದ ಅದ. ಗ್ವಾಡಿ ಬಾಜು ಪಟ್ಟಿ ಕರ್ರಗ ಬಂದದ ನೋಡ್ರಿ,” ಎಂದಳು. ಕರ್ರಗಿರುವುದು ಎರಡನೆಯದು ಎಂದೆ. ಅಲ್ಲ, ಮೊದಲನೆಯದು ಎಂದಳು. ನನಗೆ ರೇಗಿತು. “ನಿನ್ನ ಕಣ್ಣಿಗೆ ಪೊರಿ ಬಂದದ ಬಿಡು,” ಎಂದುಬಿಟ್ಟೆ.

ಅಲ್ಲಿಗೇ ಬಿಟ್ಟಿದ್ದರೆ ಸರಿಯಿತ್ತು. ಮಾನ್ವಿಯಲ್ಲಿರುವ ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದೆ. ಕಿರಾಣಿ ಅಂಗಡಿಯ ಸಿದ್ದಪ್ಪನಿಗೆ, ಅಂಗಡಿಯಲ್ಲಿ ನಿಂತವರಿಗೆ, ಓಣಿಯುದ್ದಕ್ಕೂ ಹೇಳಿದೆ. ಹೆಂಡತಿಯ ಕಣ್ಣಿನ ಬಗ್ಗೆ ಮರುಗುವ ಗಂಡನಿಗೆ ಸಿಗುವ ಮರ್ಯಾದೆಯೂ ಸಿಕ್ಕಿತು.

ಮರುದಿನ ನೋಡಿದರೆ ಕಟ್ಟೆಯ ಮೇಲೆ ಕೌದಿ ಇರಲಿಲ್ಲ. ಮೊಮ್ಮಗಳಿಗೆ ದಿನ ತುಂಬಿದ್ದವು. ಹುಟ್ಟುವ ಕೂಸಿಗೆಂದು ದ್ಯಾವಮ್ಮ ತನ್ನ ಹಳೆಯ ಇಲಕಲ್ಲ ಸೀರೆ ಹರಿದು ಹೊಲಿಯುತ್ತಿದ್ದ ಕೌದಿ ಅರ್ಧಕ್ಕೇ ಟ್ರಂಕು ಸೇರಿತ್ತು. ಯಾಕೆಂದು ಕೇಳಿದೆ. “ಸೂಜಿ ಮುರದು ಒಳಗ ಉಳದ್ರ ನನಗ ಕಾಣಂಗಿಲ್ಲ. ಕೂಸು ಮಲಗೋದು ಅದರ ಮ್ಯಾಗ,” ಎಂದಳು. ಹೆರಿಗೆಗೆ ಮೊದಲು ಅಂಗಡಿಯಿಂದ ಒಂದು ಹೊದಿಕೆ ತರಲು ಹೇಳಿದಳು. ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸೂ ಅವಳ ಕೌದಿಯ ಮೇಲೆಯೇ ಮಲಗಿತ್ತು. ಅವತ್ತಿನಿಂದ ಅಕ್ಕಿ ಆರಿಸುವುದನ್ನೂ ಬಿಟ್ಟಳು. ಊಟದಲ್ಲಿ ನನಗೆ ಕಲ್ಲು ಸಿಗತೊಡಗಿದವು.

ಒಂದು ಸಂಜೆ ಅವಳು ಕೂರುತ್ತಿದ್ದ ಜಾಗದಲ್ಲಿ ಸುಮ್ಮನೆ ಕುಳಿತೆ. ಗೋಡೆ ಪಕ್ಕದ ಪಟ್ಟಿ ಕರ್ರಗೆ ಕಂಡಿತು. ಗೇಟಿಗೆ ಹೋದೆ, ತಿಳಿಯಾಯಿತು. ಕಟ್ಟೆಗೆ ಬಂದೆ, ಕರ್ರಗಾಯಿತು. ರೋಲರ್ ಇಲ್ಲದ ರೋಲರ್ ಡ್ರೈವರನಾಗಿ ಓಡಾಡಿದ ಮೇಲೆ ತಲೆಗೆ ಹೊಳೆಯಿತು. ಹುಲ್ಲಿನ ಬಣ್ಣ ಬದಲಾಗಿಲ್ಲ, ರೋಲರ್ ಹೋದ ಕಡೆಗೆ ಅದು ಬಾಗಿದೆ ಅಷ್ಟೇ. ನಮ್ಮಿಂದ ಆಚೆ ಬಾಗಿದ್ದು ತಿಳಿ, ನಮ್ಮ ಕಡೆಗೆ ಬಾಗಿದ್ದು ಕಪ್ಪು. ದ್ಯಾವಮ್ಮನ ಕಣ್ಣು ನೆಟ್ಟಗಿದ್ದವು.

ತಪ್ಪು ಒಪ್ಪಿಕೊಳ್ಳಬೇಕಿತ್ತು. ನಾನು ಒಪ್ಪಿಕೊಳ್ಳದೆ ಉಪಾಯ ಮಾಡಿದೆ. ನಸುಕಿನಲ್ಲೇ ಎದ್ದು ಎಲ್ಲ ಪಟ್ಟಿಗಳನ್ನೂ ತಿರುವುಮುರುವಾಗಿ ತಳ್ಳಿದೆ. ಈಗ ಕಟ್ಟೆಯಿಂದ ಗೋಡೆ ಪಕ್ಕದ್ದು ತಿಳಿಯಾಗಿ ಕಾಣುತ್ತದೆ. ಕಣ್ಣು ಸುಧಾರಿಸಿದೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಅವಳನ್ನು ಕರೆದು ಕೂರಿಸಿ, ಯಾವುದು ಹೇಗಿದೆ ಎಂದು ಕೇಳಿದೆ. ಅವಳು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

“ಆವತ್ತು ಕರ್ರಗ ಕಂಡಿದ್ದು ಇವತ್ತು ತಿಳಿ ಕಾಣಾಕತ್ತದ,” ಎಂದಳು. “ನನ್ನ ಕಣ್ಣು ಪೂರಾ ಹೋದಂಗ ಕಾಣಸ್ತದರಿ. ಕೂಸಿನ ಮಾರಿನರ ಕಾಣಸ್ತದೋ ಇಲ್ಲೋ.”

ಇನ್ನು ತಡೆಯಲಾಗಲಿಲ್ಲ. ಕೈ ಹಿಡಿದು ಗೇಟಿನವರೆಗೆ ನಡೆಸಿ ಎಲ್ಲವನ್ನೂ ಹೇಳಿದೆ, ನಸುಕಿನ ಉಪಾಯವನ್ನೂ ಸೇರಿಸಿ. ಅವಳು ಕಟ್ಟೆಗೆ ಹೋಗಿ ನೋಡಿದಳು, ಗೇಟಿಗೆ ಬಂದು ನೋಡಿದಳು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದಳು. ಕೌದಿ ಹರಡಿಕೊಂಡು, ನನ್ನ ಕಡೆ ನೋಡದೆ ಅಂದಳು: “ಓಣಿ ತುಂಬ ಹೇಳಿ ಬಂದೀರಲ್ಲ, ಅದನ್ನೂ ಹಂಗ ಹಿಂದಕ್ಕ ಹೊಡಕೊಂಡು ಬರ್ರಿ.”

ಮೊಮ್ಮಗಳಿಗೆ ಫೋನು ಮಾಡಿ ಹೇಳಿದ್ದಾಯಿತು, ಅವಳು ನಕ್ಕಳು. ನಂತರ ಸಿದ್ದಪ್ಪನ ಅಂಗಡಿಗೆ ಹೋಗಿ, ನಮ್ಮವಳ ಕಣ್ಣು ಚೆನ್ನಾಗಿವೆ, ನೋಡಿದ್ದರಲ್ಲಿ ತಪ್ಪು ನನ್ನದೇ ಎಂದೆ. ಹುಲ್ಲು ಬಾಗುವ ಸಂಗತಿ ಶುರು ಮಾಡುವಷ್ಟರಲ್ಲಿ ಅವನು ಬೆಲ್ಲ ತೂಗುವುದನ್ನು ನಿಲ್ಲಿಸಿ, “ಅಂದ್ರ ಪೊರಿ ಬಂದದ್ದು ನಿಮಗೇನ್ರಿ, ಯಜಮಾನ್ರ?” ಎಂದು ಮರುಗಿದ. ಹಿಂದೆ ಗಿರಾಕಿಗಳು ನಿಂತಿದ್ದರು. ಹೌದಪ್ಪಾ ಎಂದೆ.

ಕೌದಿ ಅಂಚಿಗೆ ಬಂದಿದೆ. ಅನ್ನದಲ್ಲಿ ಕಲ್ಲು ಸಿಗುವುದು ನಿಂತಿದೆ. ನಾನು ಬೀದಿಗಿಳಿದರೆ ಸಾಕು, ಯಾರಾದರೊಬ್ಬರು ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಕಟ್ಟೆಯ ಮೇಲಿಂದ ದ್ಯಾವಮ್ಮ ಅದನ್ನು ಸ್ಪಷ್ಟವಾಗಿ ನೋಡುತ್ತಾಳೆ.