ಸದ್ದು ನಿಲ್ಲಿಸಿದ ವಾಷಿಂಗ್ ಮೆಷಿನ್ ಅವರಿಗೆ

ಹಿತ್ತಲ ಬಾಗಿಲ ಪಕ್ಕ, ಬಕೆಟ್ಟುಗಳ ನಡುವೆ ವಿರಾಜಮಾನರಾಗಿರುವ ವಾಷಿಂಗ್ ಮೆಷಿನ್ ಮಹಾಶಯರ ಸನ್ನಿಧಿಗೆ, ಇದೇ ಮನೆಯ ಗೃಹಿಣಿಯೂ, ಮುದ್ರಣಾಲಯವೊಂದರಲ್ಲಿ ಹದಿನೇಳು ವರ್ಷಗಳಿಂದ ಕೆಂಪು ಪೆನ್ನು ಹಿಡಿದು ಕರಡು ತಿದ್ದುತ್ತಿರುವವಳೂ ಆದ ನಾನು ಅಡುಗೆಮನೆಯಿಂದಲೇ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ನನ್ನ ದೂರೂ ಅದೇ. ಕಳೆದ ಭಾನುವಾರ ರಿಪೇರಿಯವನು ಬಂದು ತಮ್ಮ ಕುಂಟು ಕಾಲಿನಡಿ ರಬ್ಬರಿನ ಬಿಲ್ಲೆಯಿಟ್ಟು, ಹೊಟ್ಟೆಯೊಳಗೆ ಸಡಿಲಾಗಿದ್ದದ್ದನ್ನೆಲ್ಲ ಬಿಗಿದು ಹೋದ ಮೇಲೆ ತಾವು ಎಷ್ಟು ಸಭ್ಯರಾಗಿದ್ದೀರೆಂದರೆ, ಓಡುತ್ತಿದ್ದೀರೋ ಇಲ್ಲವೋ ಎಂದು ತಲೆಯ ಮೇಲೆ ಕೈಯಿಟ್ಟು ನೋಡಬೇಕಾಗಿದೆ. ಈ ಸಭ್ಯತೆಯಿಂದ ನಮ್ಮ ಮನೆಗೆ ಆಗಿರುವ ಅನಾಹುತವನ್ನು ಸವಿನಯವಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲಿಗೆ ನನ್ನ ಸಾಧನೆ. ಮಕ್ಕಳಿಗೆ ಮನೆಯಲ್ಲೇ ಓದಿನ ರುಚಿ ಹತ್ತಿಸಬೇಕೆಂದು ಕಂಡಕಂಡವರೆಲ್ಲ ಹೇಳುವುದನ್ನು ಕೇಳಿ, ನಮ್ಮ ಒಂಬತ್ತು ವರ್ಷದ ಮಗಳಿಗಾಗಿ ಕಿಟಕಿಯ ಪಕ್ಕ ಓದುವ ಮೂಲೆಯೊಂದನ್ನು ಸ್ಥಾಪಿಸಿದೆ. ದಿಂಬು, ದೀಪ, ಎತ್ತರದ ಪ್ರಕಾರ ಜೋಡಿಸಿದ ಪುಸ್ತಕಗಳು, ಗೋಡೆಯ ಮೇಲೆ ವೇಳಾಪಟ್ಟಿ. ಅವಳು ಗಟ್ಟಿಯಾಗಿ ಓದಬೇಕು, ನಾನು ಪಕ್ಕದಲ್ಲಿ ಕೂತು ಸಂತೋಷಪಡಬೇಕು ಎಂಬುದು ಏರ್ಪಾಡು. ನಾನು ಸಂತೋಷಪಡುತ್ತಿದ್ದ ಕ್ರಮವನ್ನೂ ಅರಿಕೆ ಮಾಡುತ್ತೇನೆ: ಅವಳು ಅಕ್ಷರ ನುಂಗಿದರೆ ತಡೆಯುವುದು, ಸಾಲು ಹಾರಿದರೆ ಹಿಂದಕ್ಕೆ ಎಳೆದು ತರುವುದು, ಕಥೆಯ ಆನೆ ಇನ್ನೇನು ಹೊಳೆಗಿಳಿಯಬೇಕು ಎನ್ನುವಾಗ ಆ ವಾಕ್ಯವನ್ನು ಇನ್ನೊಮ್ಮೆ ಓದಿಸಿ ಆನೆಯನ್ನು ದಡದಲ್ಲೇ ನಿಲ್ಲಿಸುವುದು, ಕೊನೆಗೆ ಇದರಿಂದ ನೀನೇನು ಕಲಿತೆ ಎಂದು ವಿಚಾರಿಸುವುದು. ಅವಳು ಕಲಿತದ್ದು ಹೊಟ್ಟೆನೋವು. ಪುಸ್ತಕ ತೆರೆದ ಕೂಡಲೇ ಬರುತ್ತಿತ್ತು, ಮುಚ್ಚಿದ ಕೂಡಲೇ ಹೋಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಓದುವ ಮೂಲೆಯಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳು ದಿಂಬಿಗೊರಗಿ ಕೂತಿದ್ದವು.

ಹೀಗಿರುವಾಗ ಒಂದು ಸಂಜೆ, ತಾವು ಎಂದಿನಂತೆ ಡಬಡಬನೆ ಕುಣಿಯುತ್ತ ಗೋಡೆಗೆ ಭುಜ ಗುದ್ದುತ್ತಿದ್ದಾಗ, ಸೋಪಿನ ಪುಡಿಗೆಂದು ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮಗಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ತಮ್ಮ ಗಾಜಿನ ಬಾಗಿಲಿಗೆ ಆಗಾಗ ಚಿತ್ರ ತೋರಿಸುತ್ತ, ಗಂಟಲು ಬಿಚ್ಚಿ ಕಥೆ ಓದುತ್ತಿದ್ದಳು. ಆನೆಗೆ ಒಂದು ದನಿ, ಅಂಬಿಗನಿಗೆ ಇನ್ನೊಂದು. ತಪ್ಪುಗಳೂ ಇದ್ದಿರಬೇಕು, ತಮ್ಮ ಗಲಾಟೆಯಲ್ಲಿ ದನಿ ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವರಪ್ಪ, ಅಮ್ಮನನ್ನು ಬಿಟ್ಟು ಮೆಷಿನ್ನಿಗೆ ಯಾಕಮ್ಮ ಓದಿ ಹೇಳ್ತೀಯ ಎಂದು ತಮಾಷೆಗೆ ಕೇಳಿದರು. ಅವಳು ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದು ಇಷ್ಟೇ: "ಅದು ಮಧ್ಯ ಬಾಯಿ ಹಾಕಲ್ಲ ಅಪ್ಪ." ನಮ್ಮ ಯಜಮಾನರು ನಗು ಕಾಣಿಸದಿರಲೆಂದು ಒಂದು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದರು. ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ಹೌದು ಮಾನ್ಯರೇ, ಹೆತ್ತ ತಾಯಿಗೆ, ಬನಿಯನ್ ಒಗೆಯುವ ಯಂತ್ರವೊಂದರ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ, ಕೇಳಿದವರಿಗೆ ಈರುಳ್ಳಿ ಎಂದೆ.

ಇಷ್ಟಾದರೂ ಹದಿನೇಳು ವರ್ಷದ ಚಾಳಿ ಬಿಡಬೇಕಲ್ಲ. ಅವಳು ಓದುವುದನ್ನು ಚೆನ್ನಾಗಿ ಕೇಳಬೇಕೆಂಬ ಆಸೆಯಿಂದ (ಬರೀ ಕೇಳುವುದಕ್ಕೆಂದು ಪ್ರಮಾಣ ಮಾಡಲಾರೆ) ರಿಪೇರಿಯವನನ್ನು ಕರೆಸಿದವಳು ನಾನೇ. ಸೋಮವಾರ ಸಂಜೆ ಮಗಳು ಬಕೆಟ್ಟು ಮಗುಚಿ ಕೂತಳು, ಪುಟ ತೆರೆದಳು, ಮೊದಲ ಸಾಲು ಓದಿದಳು. ಅವಳ ದನಿ ಅವಳಿಗೇ ಕೇಳಿಸಿತು. ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಾನು ಮೈಯೆಲ್ಲ ಕಿವಿಯಾಗಿ ನಿಂತಿದ್ದೆ. ಪುಸ್ತಕ ಮುಚ್ಚಿ ಒಳಗೆ ಹೋದಳು. ಅಂದಿನಿಂದ ಬಕೆಟ್ಟು ನೆಟ್ಟಗೇ ಇದೆ, ಅದರಲ್ಲಿ ನೀರು ತುಂಬಿದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಆದಷ್ಟು ಬೇಗ ಮೊದಲಿನಂತೆ ಕೆಟ್ಟುಹೋಗಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಕೈಲಾದದ್ದನ್ನು ನಾನೂ ಮಾಡಿದ್ದೇನೆ. ಕಾಲಿನಡಿಯ ರಬ್ಬರನ್ನು ಕಿತ್ತೆಸೆದೆ, ತಾವು ಅಲುಗಾಡಲಿಲ್ಲ. ಯಜಮಾನರ ಬೂಟುಗಳನ್ನು ಒಳಗೆ ಹಾಕಿ ತಿರುಗಿಸಿದೆ; ಸದ್ದೇನೋ ಬಂತು, ಒಂದು ಬೂಟಿನ ಅಟ್ಟೆಯೂ ಕಿತ್ತು ಬಂತು, ಮಗಳು ಮಾತ್ರ ಬರಲಿಲ್ಲ. ಅವಳು ಹೆದರಿದ್ದು ತಮ್ಮ ಮೌನಕ್ಕಲ್ಲ, ನನ್ನ ಕಿವಿಗೆ ಎಂಬುದು ಆಗ ನನಗೆ ಅರ್ಥವಾಯಿತು.

ಆದ್ದರಿಂದ ಇನ್ನೊಂದು ಬೇಡಿಕೆ. ನಲವತ್ತು ನಿಮಿಷ ಯಾರನ್ನೂ ತಿದ್ದದೆ, ನೀತಿ ಕೇಳದೆ, ತನ್ನ ಹೊಟ್ಟೆಯೊಳಗಿನ ಕೊಳೆಯನ್ನು ತಾನೇ ತಿರುವಿಹಾಕಿಕೊಳ್ಳುತ್ತ ಮಗುವಿನ ಎದುರು ಕೂರುವುದು ಹೇಗೆಂದು ತಾವು ನನ್ನನ್ನು ಶಿಷ್ಯೆಯಾಗಿ ಸ್ವೀಕರಿಸಿ ಕಲಿಸಿಕೊಡಬೇಕು. ಎಲ್ಲ ಮುಗಿದ ಮೇಲೆ ಮೂರು ಸಲ ಕುಂಯ್ ಎಂದರೆ ಸಾಕು, ಅದಕ್ಕಿಂತ ಹೆಚ್ಚಿನ ಅಭಿಪ್ರಾಯ ಬೇಕಿಲ್ಲ ಎಂಬ ತಮ್ಮ ವಿದ್ಯೆಯನ್ನೂ ದಯಪಾಲಿಸಬೇಕು. ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಹಣೆಯ ಮೇಲೆ, ಬಕೆಟ್ಟಿನ ಮೇಲೆ ಕೂತವರ ಕಣ್ಣಿಗೆ ನೇರವಾಗಿ ಕಾಣುವಂತೆ ಅಂಟಿಸಿದ್ದೇನೆ.

ತಪ್ಪೊಪ್ಪಿಕೊಂಡ,
ತಮ್ಮ ವಿಶ್ವಾಸಿ,
ಮಧ್ಯ ಬಾಯಿ ಹಾಕುವ ಅಮ್ಮ

ವಿ.ಸೂ.: ತಮಗೆ ಓದಲು ಬಾರದೆಂದು ಬಲ್ಲೆ, ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಾದೀತು. ಬಕೆಟ್ಟಿನ ನೀರು ಚೆಲ್ಲಿ ಮಗುಚಿಟ್ಟಿದ್ದೇನೆ. ನಾಳೆ ಸಂಜೆ ತಮ್ಮನ್ನು ಚಾಲೂ ಮಾಡಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮನೆಯಲ್ಲಿರುವ ಪಾತ್ರೆಗಳನ್ನೆಲ್ಲ ಒಂದೂ ಬಿಡದೆ ಢಣಢಣನೆ ಬೆಳಗುತ್ತಿರುತ್ತೇನೆ. ಪತ್ರದಲ್ಲಿ ತಪ್ಪು ಕಂಡರೆ ಓದಿದವರು ತಿದ್ದಬಹುದು; ನನ್ನ ಕೆಂಪು ಪೆನ್ನನ್ನು ದಾರ ಕಟ್ಟಿ ಇಲ್ಲೇ ತೂಗುಬಿಟ್ಟಿದ್ದೇನೆ, ಮನೆಯಲ್ಲಿ ಇನ್ನು ಅದು ನನಗೆ ಬೇಡ. ತಿದ್ದುವಾಗ ತಾವು ಮಾತ್ರ ಮಧ್ಯ ಬಾಯಿ ಹಾಕಬೇಡಿ.